ಮೇಜಿನ ಮೇಲಿನ ಸ್ಪೀಕರ್: ಆರಿಸುವುದು, ಇಡುವುದು, ಬಾಳಿಸುವುದು

ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರು ಸ್ಪೀಕರಿನ ಸರದಿ ಬಂದಾಗ ಅಂಗಡಿಯವನ ಮಾತಿಗೆ ಶರಣಾಗುತ್ತಾರೆ. "ಇದು ತಗೊಳ್ಳಿ ಸಾರ್, ಬೇಸ್ ಸಖತ್ತಾಗಿದೆ" ಎಂದರೆ ಮುಗಿಯಿತು, ಡಬ್ಬಿ ಆಟೋ ಹತ್ತುತ್ತದೆ. ಮನೆಗೆ ಬಂದ ಮೇಲೆ ಬೇಸ್ ಇರುತ್ತದೆ ನಿಜ, ಬೇಸ್ ಮಾತ್ರ ಇರುತ್ತದೆ. ಒಳ್ಳೆಯ ಸದ್ದಿನ ಅರ್ಧ ಭಾಗ ಸ್ಪೀಕರಿನೊಳಗಿದ್ದರೆ ಉಳಿದರ್ಧ ನಿಮ್ಮ ಮೇಜು, ಗೋಡೆ, ಕುರ್ಚಿಗಳ ನಡುವೆ ಇರುತ್ತದೆ. ಈ ಎರಡನೆಯ ಅರ್ಧಕ್ಕೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ.

1. ಮೊದಲು ಟೇಪು ಹಿಡಿಯಿರಿ

ಮಾಮೂಲಾಗಿ ಕೂತಾಗ ಕಿವಿಗೂ ಸ್ಕ್ರೀನಿಗೂ ಎಷ್ಟು ದೂರ, ಸ್ಕ್ರೀನಿನ ಎರಡೂ ಪಕ್ಕ ಎಷ್ಟು ಜಾಗ ಉಳಿದಿದೆ, ಮೇಜಿನ ಹಿಂದಿನ ಅಂಚಿಗೂ ಗೋಡೆಗೂ ಎಷ್ಟು ಅಂತರ. ಈ ಮೂರು ಅಳತೆ ಸಾಕು. ನಮ್ಮ ಮನೆಗಳ ಕಂಪ್ಯೂಟರ್ ಮೇಜು ಹೆಚ್ಚಾಗಿ ಎರಡಡಿ ಅಗಲದ್ದು, ಗೋಡೆಗೆ ಒತ್ತಿಸಿಟ್ಟದ್ದು. ಅಂದರೆ ನೀವು ಸ್ಪೀಕರಿನಿಂದ 60ರಿಂದ 80 ಸೆಂಟಿಮೀಟರ್ ದೂರದಲ್ಲಿ ಕೂತಿರುತ್ತೀರಿ. ಇಷ್ಟು ದೂರಕ್ಕೆ 3ರಿಂದ 4 ಇಂಚಿನ ವೂಫರ್, ಅಂದರೆ ಕೆಳಗಿನ ಸ್ವರ ನುಡಿಸುವ ದೊಡ್ಡ ಬಟ್ಟಲು, ಇರುವ ಜೋಡಿ ಸಾಕು. 5 ಇಂಚಿನದಾದರೆ ಧಾರಾಳ. ಅದಕ್ಕಿಂತ ದೊಡ್ಡದನ್ನು ತಂದರೆ ವೂಫರಿನ ಸದ್ದು, ಮೇಲಿನ ಸ್ವರ ನುಡಿಸುವ ಪುಟ್ಟ ಟ್ವೀಟರಿನ ಸದ್ದು ಎರಡೂ ಬೆರೆತು ಒಂದಾಗುವ ಮೊದಲೇ ಕಿವಿಗೆ ತಲುಪುತ್ತವೆ, ಮೇಲಿನದು ಬೇರೆ ಕೆಳಗಿನದು ಬೇರೆ ಅನ್ನಿಸುತ್ತದೆ.

5 ಇಂಚು ಎಂದರೆ ವೂಫರಿನ ಅಳತೆ ಮಾತ್ರ, ಡಬ್ಬಿ ಅದಕ್ಕಿಂತ ಬಹಳ ದೊಡ್ಡದು. ಉದಾಹರಣೆಗೆ ಯಮಹಾ ಎಚ್‌ಎಸ್5 ಹೆಚ್ಚುಕಡಿಮೆ 17 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ, 22 ಸೆಂ.ಮೀ. ಆಳ. ಅದರ ಹಿಂದೆ ವೈರಿನ ಪಿನ್ನಿಗೆ ಜಾಗ ಬೇಕು, ಗೋಡೆಗೂ ಸ್ವಲ್ಪ ಬಿಡಬೇಕು. ಎರಡಡಿ ಮೇಜಿನಲ್ಲಿ ಅಲ್ಲಿಗೇ ಅರ್ಧ ಜಾಗ ಹೋಯಿತು. ಹಳೆಯ ರಟ್ಟಿನ ಡಬ್ಬಿಯೊಂದನ್ನು ಅದೇ ಅಳತೆಗೆ ಕತ್ತರಿಸಿ ಮೇಜಿನ ಮೇಲೆ ಒಂದು ದಿನ ಇಟ್ಟು ನೋಡಿ. ಕೀಬೋರ್ಡ್, ಕಾಫಿ ಲೋಟ, ಮಗುವಿನ ಹೋಂವರ್ಕ್ ಪುಸ್ತಕ ಎಲ್ಲದರ ಜತೆ ಅದು ಹೊಂದಿಕೊಂಡರೆ ಮಾತ್ರ ಮುಂದಿನ ಮಾತು.

ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಮುಗಿಸಿಕೊಳ್ಳಿ: ನೀವು ಕೇಳುವುದು ಯಾವಾಗ? ಮನೆಯವರೆಲ್ಲ ಮಲಗಿದ ಮೇಲೆ ಮಾತ್ರ ಎಂದಾದರೆ ಅದೇ ದುಡ್ಡಿಗೆ ಒಳ್ಳೆಯ ಹೆಡ್‌ಫೋನ್ ಬರುತ್ತದೆ, ಸ್ಪೀಕರ್ ಬೇಡ.

2. ಡಬ್ಬಿಯ ಮೇಲಿನ ಅಂಕಿ ಓದುವ ಬಗೆ

ಪಿಎಂಪಿಒ ಎಂಬ ನಾಲ್ಕಕ್ಷರದ ಪಕ್ಕ 2000 ವ್ಯಾಟ್, 5000 ವ್ಯಾಟ್ ಎಂದು ಬರೆದಿದ್ದರೆ ಆ ಅಂಕಿಯನ್ನು ಅಲ್ಲೇ ಮರೆತುಬಿಡಿ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ, ತಯಾರಕ ಮನಸ್ಸಿಗೆ ಬಂದಷ್ಟು ಬರೆಯಬಹುದು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸ್ಪೀಕರ್ ಸತತವಾಗಿ ಕೊಡಬಲ್ಲ ಶಕ್ತಿ. ಅದರಲ್ಲೂ ಅನುಮಾನ ಬಂದರೆ ಸುಳ್ಳು ಹಿಡಿಯುವ ಸುಲಭ ದಾರಿ ಇದೆ. ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿ. 12 ವೋಲ್ಟ್, 1.5 ಆಂಪಿಯರ್ ಎಂದಿದ್ದರೆ ಗುಣಿಸಿ: 18 ವ್ಯಾಟ್. ಒಳಗೆ ಬರುವುದೇ 18 ಆದಾಗ ಹೊರಗೆ ಸತತವಾಗಿ 60 ಹೋಗಲು ಸಾಧ್ಯವಿಲ್ಲ. ಯುಎಸ್‌ಬಿ ಕರೆಂಟಿನಲ್ಲೇ ನಡೆಯುವ ಸ್ಪೀಕರಿಗೂ ಇದೇ ಲೆಕ್ಕ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್, 0.5 ಆಂಪಿಯರ್, ಅಂದರೆ ಎರಡೂವರೆ ವ್ಯಾಟ್.

ಹಾಗಂತ ಎರಡೂವರೆ ವ್ಯಾಟ್ ಎಂದು ಮೂಗು ಮುರಿಯಬೇಕಾಗಿಯೂ ಇಲ್ಲ. ಒಂದು ಸಾಧಾರಣ ಸ್ಪೀಕರ್ ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸಿನ ಸದ್ದು ಕೊಡುತ್ತದೆ. ಮೇಜಿನ ಮುಂದೆ ಕೂತವರಿಗೆ ಅದೇ ಜೋರು. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹತ್ತು ಪಟ್ಟು ವ್ಯಾಟ್ ಬೇಕು. ಹೀಗಾಗಿ 20 ವ್ಯಾಟ್, 30 ವ್ಯಾಟ್ ಎಂಬ ಲೆಕ್ಕಕ್ಕೆ ಒಂದೆರಡು ಸಾವಿರ ಹೆಚ್ಚು ಕೊಡುವುದು ದಂಡ.

ಫ್ರೀಕ್ವೆನ್ಸಿಯ, ಅಂದರೆ ಎಷ್ಟು ಕೆಳಗಿನ ಸ್ವರದಿಂದ ಎಷ್ಟು ಮೇಲಿನ ಸ್ವರದ ತನಕ ಎಂಬುದರ, ಸಾಲಿನಲ್ಲೂ ಇಂಥದೇ ಆಟ. ಅಂಗೈಯಗಲದ ಡಬ್ಬಿಯ ಮೇಲೆ "20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಎಂದು ಬರೆದಿರುತ್ತಾರೆ. ಅದು ಮನುಷ್ಯರ ಕಿವಿಯ ವ್ಯಾಪ್ತಿ, ಆ ಸ್ಪೀಕರಿನದ್ದಲ್ಲ. ಪ್ರಾಮಾಣಿಕ ತಯಾರಕರು ಎಷ್ಟು ಡೆಸಿಬಲ್ ಇಳಿಕೆಯ ಹಂತದಲ್ಲಿ ಅಳೆದೆವು ಎಂಬುದನ್ನೂ ಹೇಳುತ್ತಾರೆ. ಮೇಲೆ ಹೇಳಿದ ಎಚ್‌ಎಸ್5 ನೋಡಿ: 10 ಡೆಸಿಬಲ್ ಇಳಿಕೆ ಲೆಕ್ಕಕ್ಕೆ ಹಿಡಿದರೆ 54 ಹರ್ಟ್ಜ್‌ನಿಂದ ಶುರು, 3 ಡೆಸಿಬಲ್ ಎಂದರೆ 74ರಿಂದ ಶುರು. 5 ಇಂಚಿನ ಸ್ಟುಡಿಯೋ ಸ್ಪೀಕರಿನ ಕಥೆಯೇ ಇದಾದರೆ ಎರಡಿಂಚಿನದು 20 ಹರ್ಟ್ಜ್ ಮುಟ್ಟುವುದೆಲ್ಲಿಂದ ಬಂತು?

3. 2.0 ಬೇಕೋ 2.1 ಬೇಕೋ

ಎರಡು ಡಬ್ಬಿ ಇದ್ದರೆ 2.0, ಅದರ ಜತೆಗೆ ಬೇಸಿಗೆಂದೇ ಇನ್ನೊಂದು ಡಬ್ಬಿ, ಅಂದರೆ ಸಬ್‌ವೂಫರ್, ಇದ್ದರೆ 2.1. ನನ್ನ ಮತ 2.0 ಕಡೆಗೆ, ಅದರಲ್ಲೂ ಕಡಿಮೆ ಬಜೆಟ್ಟಿದ್ದರೆ ಖಂಡಿತ 2.0. ಅಗ್ಗದ 2.1 ಸೆಟ್ಟಿನಲ್ಲಿ ಮೇಜಿನ ಮೇಲಿನ ಎರಡು ಡಬ್ಬಿಗಳು ಎಷ್ಟು ಪುಟ್ಟವು ಎಂದರೆ ಮಧ್ಯದ ಸ್ವರಗಳನ್ನೂ ಅವು ಹೊರಲಾರವು. 150, 200 ಹರ್ಟ್ಜ್ ತನಕದ ಕೆಲಸವೂ ಕೆಳಗಿನ ಸಬ್‌ವೂಫರಿನ ಪಾಲಿಗೆ ಬೀಳುತ್ತದೆ. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ ಒಳಗೇ ಇರುತ್ತದೆ. ಪರಿಣಾಮ ಏನೆಂದರೆ, ವಾರ್ತೆ ಓದುವವನ ಬಾಯಿ ಸ್ಕ್ರೀನಿನ ಪಕ್ಕ, ಎದೆ ನಿಮ್ಮ ಕಾಲ ಬುಡದಲ್ಲಿ. ಒಮ್ಮೆ ಇದು ಗಮನಕ್ಕೆ ಬಂದರೆ ಮತ್ತೆ ಮರೆಯಲಾಗುವುದಿಲ್ಲ.

ಸಿನಿಮಾ, ಗೇಮ್ ಹೆಚ್ಚಿದ್ದರೆ 2.1 ತಪ್ಪಲ್ಲ, ಆದರೆ ಆಗ ಸ್ವಲ್ಪ ಮೇಲಿನ ದರ್ಜೆಯದನ್ನೇ ನೋಡಿ. ಲಾಜಿಟೆಕ್ ಝಡ್623, ಕ್ಲಿಪ್ಷ್ ಪ್ರೋಮೀಡಿಯಾ ಥರದವು ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ನಿಂತದ್ದು ಸುಮ್ಮನೆ ಅಲ್ಲ. ಫ್ಲ್ಯಾಟಿನಲ್ಲಿರುವವರು ಮಾತ್ರ ಕೆಳಗಿನ ಮನೆಯವರನ್ನು ನೆನೆದುಕೊಂಡು ತಗೊಳ್ಳಲಿ.

2.0ದಲ್ಲಿ ತೀರಾ ಸಣ್ಣ ಬಜೆಟ್ಟಿಗೆ ಕ್ರಿಯೇಟಿವ್ ಪೆಬಲ್ ಇದೆ: ಯುಎಸ್‌ಬಿಯಲ್ಲೇ ನಡೆಯುತ್ತದೆ, ಗುಂಡಗೆ, ಮುಖ ಮೇಲಕ್ಕೆ ಮಾಡಿಕೊಂಡಿರುತ್ತದೆ. ಆ ಮೇಲ್ಮುಖ ಅಂದಕ್ಕಲ್ಲ, ಸದ್ದು ನೇರ ಕಿವಿಗೆ ಬರಲಿ ಎಂದು. ಮಧ್ಯಮ ಬಜೆಟ್ಟಿಗೆ ಎಡಿಫೈಯರ್ ಆರ್1280ಟಿ, ಅದರ ಬ್ಲೂಟೂತ್ ಸೋದರ ಆರ್1280ಡಿಬಿ, ಎಂಆರ್4. ಪ್ರಿಸೋನಸ್ ಎರಿಸ್, ಮ್ಯಾಕಿ ಸಿಆರ್ ಸಾಲಿನ ಸಣ್ಣವು. ಅಲ್ಲಿಂದ ಮೇಲೆ ಸ್ಟುಡಿಯೋ ಮಾನಿಟರುಗಳ ಲೋಕ: ಯಮಹಾ ಎಚ್‌ಎಸ್5, ಜೆಬಿಎಲ್ 305ಪಿ, ಹಳದಿ ಕೋನಿನ (ವೂಫರಿನ ಬಟ್ಟಲಿಗೇ ಕೋನು ಎನ್ನುವುದು) ಕೆಆರ್‌ಕೆ. ಇಲ್ಲೊಂದು ಎಚ್ಚರಿಕೆ. ಈ ದೊಡ್ಡವನ್ನು ಬಹಳ ಸಲ ಬಿಡಿಯಾಗಿ ಮಾರುತ್ತಾರೆ. "ಅರೆ, ಇಷ್ಟು ಅಗ್ಗವಾ" ಅನ್ನಿಸಿದರೆ ಅದು ಒಂದರ ಬೆಲೆಯೋ ಜೋಡಿಯ ಬೆಲೆಯೋ ಎಂದು ಕೇಳಿ.

ಸ್ಟುಡಿಯೋ ಮಾನಿಟರ್ ಎಂದ ತಕ್ಷಣ ಹಾಡು ಇಂಪಾಗಿ ಕೇಳುತ್ತದೆ ಎಂದುಕೊಳ್ಳಬೇಡಿ. ಯಮಹಾದವರು 1978ರಲ್ಲಿ ಮನೆಬಳಕೆಗೆಂದು ಎನ್‌ಎಸ್10 ಎಂಬ ಸ್ಪೀಕರ್ ತಂದರು. ಮನೆಯಲ್ಲಿ ಕೇಳುವವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಆದರೆ ಸ್ಟುಡಿಯೋದವರು ಅದನ್ನು ಅಪ್ಪಿಕೊಂಡರು, 2001ರಲ್ಲಿ ತಯಾರಿಕೆ ನಿಲ್ಲುವ ತನಕವೂ ಆ ಬಿಳಿ ಕೋನು ಮಿಕ್ಸಿಂಗ್ ಮೇಜುಗಳ ಗುರುತಾಗಿತ್ತು. ಹುಳುಕು ತೋರಿಸಿಕೊಡುವುದೇ ಅವರಿಗೆ ಬೇಕಿದ್ದ ಗುಣ. ವಿಡಿಯೋ ಎಡಿಟಿಂಗ್, ರೆಕಾರ್ಡಿಂಗ್ ಮಾಡುವವರು ಅಂಥದನ್ನೇ ತಗೊಳ್ಳಲಿ. ಸಂಜೆ ಹಾಡು ಕೇಳುವವರಿಗೆ ಕಡ್ಡಾಯವೇನಲ್ಲ.

4. ಏನು ಹಾಕಿ ಕೇಳಬೇಕು

ಆನ್‌ಲೈನಿನಲ್ಲಿ ಕೊಂಡರೆ ವಾಪಸ್ ಕೊಡುವ ಅವಧಿ ಎಷ್ಟು ಎಂದು ನೋಡಿಕೊಂಡು ಕೊಳ್ಳಿ, ಡಬ್ಬಿ ಥರ್ಮಾಕೋಲ್ ಎಸೆಯಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೊಂಡರೆ ನಿಮ್ಮದೇ ಲ್ಯಾಪ್‌ಟಾಪ್, ನಿಮ್ಮದೇ ಫೈಲುಗಳನ್ನು ಒಯ್ಯಿರಿ. ಅಂಗಡಿಯವನು ಹಾಕುವ ಡೆಮೋ ಹಾಡು ಆ ಸ್ಪೀಕರಿಗೆ ಹೇಳಿ ಮಾಡಿಸಿದ್ದು. ಗದ್ದಲದಲ್ಲಿ ಏನೂ ಕೇಳಿಸದೆ ಹೋಗಬಹುದು, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಪುಣ್ಯ. ಎರಡು ಸ್ಪೀಕರ್ ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಸಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನ ಅನ್ನಿಸುತ್ತದೆ, ಮಾರುವವರಿಗೆ ಈ ಗುಟ್ಟು ಗೊತ್ತು.

ಮೊದಲು ಮಾತು ಹಾಕಿ. ಅಮ್ಮನೋ ಗೆಳೆಯನೋ ಮಾತಾಡಿದ್ದನ್ನು ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫೋನಿನ ಮೈಕು ಅಷ್ಟೇನೂ ಸಾಚಾ ಅಲ್ಲ, ಆದರೂ ಆ ದನಿ ನಿಮಗೆ ಹುಟ್ಟಾ ಗೊತ್ತು. ಅದು ಬಕೆಟ್ಟಿನೊಳಗಿಂದ ಬಂದಂತಿದ್ದರೆ, ಸಕಾರ ಶಕಾರಗಳು ಚುಚ್ಚುವಂತಿದ್ದರೆ ಆ ಸ್ಪೀಕರನ್ನು ಅಲ್ಲೇ ಬಿಡಿ.

ಎರಡನೆಯದು ಬರೀ ತಂಬೂರಿ. ತಂತಿಗಳನ್ನು ಹೊತ್ತ ಕುದುರೆ ಎಂಬ ಮರದ ತುಂಡಿನ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನಿಂದ ಹುಟ್ಟುವ ಆ ಝೇಂಕಾರ ಇದೆಯಲ್ಲ, ಅದು ಒಂದು ಸ್ವರದ ಮೇಲೆ ಹತ್ತಾರು ಉಪಸ್ವರಗಳು ಒಂದೊಂದಾಗಿ ಅರಳಿ ಇಳಿಯುವ ಕ್ರಿಯೆ. ಒಳ್ಳೆಯ ಟ್ವೀಟರಿನಲ್ಲಿ ಆ ಇಳಿತ ಕಿವಿಗೆ ಕಾಣುತ್ತದೆ. ಕಳಪೆಯದರಲ್ಲಿ ನೊಣ ಹಾರಿದಂತೆ ಒಂದೇ ಗುಂಯ್.

ಮೂರನೆಯದು ಮೃದಂಗ. ಬಲಮುಖದ ನಡುವಿನ ಕರಣೆಯ, ಅಂದರೆ ಕಪ್ಪು ಲೇಪದ, ದೆಸೆಯಿಂದ ಅದಕ್ಕೆ ತಂತಿವಾದ್ಯದ ಹಾಗೆ ಲೆಕ್ಕಾಚಾರದ ಉಪಸ್ವರಗಳು ಬರುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಆ ಬಲಮುಖಕ್ಕೆ ಶ್ರುತಿ ಇದೆ, ಅದು ನಿಮ್ಮ ಸ್ಪೀಕರಿನಲ್ಲೂ ಸ್ವರವಾಗಿಯೇ ಕೇಳಬೇಕು. ರವೆ ಹಚ್ಚಿದ ಎಡಮುಖದ ಗುಮಕಿಯಲ್ಲಿ ಒತ್ತಿ ಜಾರಿಸಿದ ಏರಿಳಿತ ತಿಳಿಯಬೇಕು. ಏನೇ ನುಡಿಸಿದರೂ ಒಂದೇ "ಧಂ" ಎನ್ನುವ ಸ್ಪೀಕರಿನಲ್ಲಿ ಡಬ್ಬಿ ತಾನೇ ಹಾಡುತ್ತಿದೆ ಎಂದರ್ಥ.

ಕೊನೆಯದು, ನನ್ನ ಮೆಚ್ಚಿನದು, ಯಕ್ಷಗಾನದ ಒಂದು ಒಳ್ಳೆಯ ರೆಕಾರ್ಡಿಂಗ್. ಭಾಗವತರ ಕಂಠ, ತಾಳ, ಮದ್ದಳೆ, ಅದರ ಮೇಲೆ ಚೆಂಡೆ. ಯುದ್ಧದ ಪದ ಏರಿದಾಗ ಚೆಂಡೆಯ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಸಿಡಿಯಬೇಕು. ಸಾಮರ್ಥ್ಯ ಸಾಲದ ಸ್ಪೀಕರಿನಲ್ಲಿ ಅದು ತಗಡಿನ ಮೇಲೆ ಮಳೆ ಬಿದ್ದಂತೆ ಕಲಸಿಹೋಗುತ್ತದೆ, ಜತೆಗೆ ಪ್ರತಿ ಪೆಟ್ಟಿಗೂ ಭಾಗವತರ ದನಿ ಒಂದಿಷ್ಟು ಒಳಕ್ಕೆ ಸರಿಯುತ್ತದೆ. ವಾಲ್ಯೂಮ್ ಮುಕ್ಕಾಲಿಗೆ ಏರಿಸಿ ಇದನ್ನು ಪರೀಕ್ಷಿಸಿ. ಆಮೇಲೆ ತೀರಾ ಕಡಿಮೆಗೆ ಇಳಿಸಿ, ಎಡ ಬಲ ಎರಡೂ ಸಮನಾಗಿ ಇಳಿಯುತ್ತವೆಯೇ ನೋಡಿ. ಅಗ್ಗದ ನಾಬುಗಳಲ್ಲಿ ತಳಮಟ್ಟಕ್ಕೆ ಬಂದಾಗ ಒಂದು ಕಡೆ ಮೊದಲೇ ಸತ್ತುಹೋಗುತ್ತದೆ.

ಹಳೆ ಕ್ಯಾಸೆಟ್ಟಿನಿಂದ ಇಳಿಸಿಕೊಂಡ 128 ಕೆಬಿಪಿಎಸ್ ಹಾಡುಗಳಲ್ಲಿ ಪರೀಕ್ಷೆ ಬೇಡ. ಅವು ಯಾವ ಸ್ಪೀಕರಿನಲ್ಲೂ ಹಾಗೇ.

5. ಜೋಡಣೆ

3.5 ಮಿಲಿಮೀಟರ್ ಹಸಿರು ಜ್ಯಾಕ್ ಬಹುಪಾಲಿನವರಿಗೆ ಸಾಕು. ಡೆಸ್ಕ್‌ಟಾಪಿನಲ್ಲಿ ಮೌಸ್ ಆಡಿಸಿದಾಗ ಸ್ಪೀಕರಿನಿಂದ ಚಿರಿಚಿರಿ ಎಂದರೆ ಮದರ್‌ಬೋರ್ಡಿನ ಗಲಾಟೆ ಒಳನುಗ್ಗುತ್ತಿದೆ ಎಂದು ತಿಳಿಯಿರಿ. ಯುಎಸ್‌ಬಿಗೆ ಚುಚ್ಚುವ ಸಣ್ಣ ಡಿಎಸಿ ಡಾಂಗಲ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಮದರ್‌ಬೋರ್ಡಿನ ಹೊರಗೆ ಸದ್ದಿನ ಸಂಕೇತಕ್ಕೆ ತಿರುಗಿಸುವ ಸಾಮಾನು) ಹಾಕಿದರೆ ಹೆಚ್ಚಿನ ಸಲ ಹೋಗುತ್ತದೆ, ಅದಕ್ಕೆ ಸಾವಿರಗಟ್ಟಲೆ ಸುರಿಯಬೇಕಿಲ್ಲ. ಸ್ಪೀಕರಿನಲ್ಲೇ ಯುಎಸ್‌ಬಿ ಅಥವಾ ಆಪ್ಟಿಕಲ್ ಒಳದಾರಿ ಇದ್ದರೆ ಅದನ್ನೇ ಬಳಸಿ. ಬ್ಲೂಟೂತ್ ಹಾಡಿಗೆ ಪರವಾಗಿಲ್ಲ. ಗೇಮಿಗೆ, ಎಡಿಟಿಂಗಿಗೆ ಆಗದು, ಚಿತ್ರ ಮುಂದೆ ಹೋಗಿ ಸದ್ದು ಹಿಂದೆ ಉಳಿಯುತ್ತದೆ.

ಬಿಡಿ ವೈರಿನ ಸ್ಪೀಕರಾದರೆ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ತಿರುಗಾಮುರುಗಾ ಆದರೆ ಏನೂ ಸುಡುವುದಿಲ್ಲ, ಆದರೆ ಬೇಸ್ ಮಾಯವಾಗುತ್ತದೆ, ನಡುವೆ ನಿಲ್ಲಬೇಕಾದ ದನಿ ತಲೆಯ ಸುತ್ತ ಚದುರುತ್ತದೆ.

ವಿಂಡೋಸಿನಲ್ಲಿ ಸೌಂಡ್ ಸೆಟ್ಟಿಂಗಿಗೆ ಹೋಗಿ ಆಡಿಯೋ ಎನ್‌ಹಾನ್ಸ್‌ಮೆಂಟ್ ಎಂಬುದನ್ನು ಆಫ್ ಮಾಡಿ. ಕಂಪ್ಯೂಟರಿನ ವಾಲ್ಯೂಮ್ 80, 90ಕ್ಕೆ ಇಟ್ಟು ಜೋರು ಮೆಲುವನ್ನು ಸ್ಪೀಕರಿನ ನಾಬಿನಲ್ಲಿ ಸರಿಮಾಡಿಕೊಳ್ಳಿ. ತಲೆಕೆಳಗು ಮಾಡಿದರೆ, ಅಂದರೆ ಸ್ಪೀಕರ್ ಪೂರ್ತಿ ಏರಿಸಿ ಕಂಪ್ಯೂಟರಿನಲ್ಲಿ ಇಳಿಸಿದರೆ, ಹಾಡಿನ ಜತೆ ಸುಯ್ ಎನ್ನುವ ಸದ್ದೂ ಪೂರ್ತಿ ಬರುತ್ತದೆ.

6. ಇಡುವುದು: ಇಲ್ಲಿಯೇ ಇರುವುದು ಎಲ್ಲ

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು. ಕಿವಿಯಿಂದ ಸ್ಪೀಕರಿಗೆ 80 ಸೆಂ.ಮೀ. ಎಂದಾದರೆ ಎರಡರ ನಡುವೆಯೂ ಅಷ್ಟೇ. ಮುಖ ಎರಡೂ ನಿಮ್ಮ ಕಡೆ ಸ್ವಲ್ಪ ತಿರುಗಿರಲಿ. ಎಲ್ಲಕ್ಕಿಂತ ಮುಖ್ಯ ಎತ್ತರ: ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ನೇರ ಮೇಜಿನ ಮೇಲಿಟ್ಟ ಸಣ್ಣ ಸ್ಪೀಕರ್ ನಿಮ್ಮ ಹೊಟ್ಟೆಗೆ ಹಾಡುತ್ತಿರುತ್ತದೆ. ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುವಂಥವು, ಕಿವಿಗೆ ತಪ್ಪಿದರೆ ಅರ್ಧ ಹಾಡು ತಪ್ಪಿದಂತೆ. ಎತ್ತರಿಸಲು ಸ್ಟ್ಯಾಂಡ್ ಕೊಳ್ಳಬಹುದು, ಬಟ್ಟೆ ಸುತ್ತಿದ ಇಟ್ಟಿಗೆಯೂ ಆದೀತು. ಎತ್ತರಿಸಲಾಗದಿದ್ದರೆ ಮುಂಭಾಗಕ್ಕೆ ಆಪು ಕೊಟ್ಟು ಮುಖ ಮೇಲಕ್ಕೆ ಮಾಡಿ.

ಸ್ಪೀಕರಿನ ಕೆಳಗೆ ಮೆತ್ತನೆಯದೇನಾದರೂ ಇರಲಿ. ಪ್ಲೈವುಡ್ ಮೇಜು, ಅದರೊಳಗಿನ ಡ್ರಾಯರ್, ಡ್ರಾಯರಿನೊಳಗಿನ ಪೆನ್ನು ಎಲ್ಲವೂ ಬೇಸಿಗೆ ಕುಣಿಯುತ್ತವೆ. ಇದಕ್ಕೆಂದೇ ಫೋಮ್ ಪ್ಯಾಡುಗಳು ಸಿಗುತ್ತವೆ. ಹಳೆಯ ಹವಾಯಿ ಚಪ್ಪಲಿಯನ್ನು ನಾಲ್ಕು ತುಂಡು ಮಾಡಿ ಮೂಲೆಗಳಿಗೆ ಕೊಟ್ಟರೂ ಕೆಲಸ ಆಗುತ್ತದೆ. ಕಪಾಟಿನ ಖಾನೆಯೊಳಗೆ ತುರುಕುವುದಂತೂ ಬೇಡವೇ ಬೇಡ.

ಮೇಜಿನ ಹಾಸು ಕೂಡ ಸದ್ದನ್ನು ಪುಟಿಸುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ಮೇಜಿನ ಮೇಲೆ ಒಂದು ಸಣ್ಣ ಕನ್ನಡಿ ಮಲಗಿಸಿ, ಕೂತಲ್ಲಿಂದ ನೋಡಿ. ಕನ್ನಡಿಯಲ್ಲಿ ಟ್ವೀಟರ್ ಕಂಡರೆ ಸದ್ದೂ ಅಲ್ಲಿಂದ ಪುಟಿದು ಕಿವಿಗೆ ಬರುತ್ತಿದೆ. ನೇರ ಬಂದದ್ದು ಮತ್ತು ಪುಟಿದು ಒಂದು ಕ್ಷಣ ತಡವಾಗಿ ಬಂದದ್ದು ಸೇರಿ ದನಿ ಮಂಕಾಗುತ್ತದೆ. ಸ್ಪೀಕರನ್ನು ಮೇಜಿನ ಮುಂದಿನ ಅಂಚಿನ ಕಡೆಗೆ ಎಳೆದಷ್ಟೂ, ಎತ್ತರಿಸಿದಷ್ಟೂ ಇದು ಕಡಿಮೆ. ಅಲ್ಲೊಂದು ದಪ್ಪ ಬಟ್ಟೆಯ ಮೌಸ್‌ಪ್ಯಾಡ್ ಹಾಸಿದರೆ ಒಂದಿಷ್ಟು ಸಮಾಧಾನ.

ಹಿಂದಿನ ಗೋಡೆ ಬೇಸನ್ನು ಉಬ್ಬಿಸುತ್ತದೆ, ಮೂಲೆ ಇನ್ನೂ ಉಬ್ಬಿಸುತ್ತದೆ. ಗಾಳಿಯ ತೂತು ಹಿಂಬದಿಗಿರುವ ಸ್ಪೀಕರಾದರೆ ಒಂದು ಗೇಣಾದರೂ ಬಿಡಿ. ಬಿಡಲು ಜಾಗವೇ ಇಲ್ಲದವರು ಕೊಳ್ಳುವಾಗಲೇ ತೂತು ಮುಂದಕ್ಕಿರುವುದನ್ನು ನೋಡಬೇಕು. ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದು ಬಾಗಿಲ ಪಕ್ಕ ಎಂದಾದರೆ ಎರಡರ ಸದ್ದೂ ಎಂದಿಗೂ ಒಂದಾಗದು. ಮೇಜನ್ನೇ ಗೋಡೆಯ ನಡುಭಾಗಕ್ಕೆ ಸರಿಸುವುದು ಉತ್ತಮ. ಸ್ಪೀಕರಿನ ಹಿಂದೆ ಬೇಸ್ ತಗ್ಗಿಸುವ ಸಣ್ಣ ಸ್ವಿಚ್ಚೋ ನಾಬೋ ಇದ್ದರೆ ಅದು ಇಂಥ ಜಾಗಗಳಿಗಾಗಿಯೇ ಕೊಟ್ಟದ್ದು.

ಈಗ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟರ್ರ್ ಎಂದು ಬಾಲ ಬಂದರೆ ಗೋಡೆಗಳು ಬೋಳು. ಹೊಸ ಫ್ಲ್ಯಾಟುಗಳಲ್ಲಿ ನೆಲಕ್ಕೆ ನುಣುಪು ಟೈಲ್ಸ್, ನಾಲ್ಕೂ ಕಡೆ ಬರಿಗೋಡೆ, ಒಂದು ಗಾಜಿನ ಕಿಟಕಿ. ಅಲ್ಲಿ ಲಕ್ಷದ ಸ್ಪೀಕರೂ ಕಿರುಚುತ್ತದೆ. ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು, ಹತ್ತಿ ಹಾಸಿಗೆ ಇವೆಲ್ಲ ಸದ್ದು ಹೀರುವ ಸಾಮಾನುಗಳೇ. ಗೋಡೆಗೆ ಅಂಟಿಸುವ ತೆಳ್ಳನೆ ಕಪ್ಪು ಸ್ಪಂಜು ಹಾಳೆಗಳು ಮೇಲಿನ ಸ್ವರಗಳನ್ನು ಮಾತ್ರ ತಿನ್ನುತ್ತವೆ, ಬೇಸಿಗೆ ಏನೂ ಮಾಡವು.

ಇಷ್ಟೆಲ್ಲ ಆದ ಮೇಲೆ ಒಬ್ಬರೇ ಮಾತಾಡುವ ಯಾವುದಾದರೂ ರೆಕಾರ್ಡಿಂಗ್ ಹಾಕಿ ಕಣ್ಣು ಮುಚ್ಚಿ. ದನಿ ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ನಡುವೆ ಖಾಲಿ ಜಾಗದಲ್ಲಿ ಯಾರೋ ಕೂತಂತೆ ಕೇಳಬೇಕು. ಕೇಳದಿದ್ದರೆ ಸ್ಪೀಕರನ್ನು ಬೆರಳಗಲ ಬೆರಳಗಲ ಸರಿಸಿ ಮತ್ತೆ ಕೇಳಿ. ಸಿಕ್ಕ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ, ಮೇಜು ಒರೆಸುವವರು ಸರಿಸುವುದು ಗ್ಯಾರಂಟಿ.

7. ಗುಂಯ್ ಎನ್ನುತ್ತಿದೆಯೇ?

ಹಾಡಿಲ್ಲದಾಗಲೂ ಸಣ್ಣಗೆ ಗುಂಯ್ ಎನ್ನುವುದು ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯ. ಅದು ಗೋಡೆಯ ಕರೆಂಟಿನ 50 ಹರ್ಟ್ಜ್ ಮತ್ತು ಅದರ ಮರಿಗಳು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ತಕ್ಷಣ ನಿಂತರೆ ಸ್ಪೀಕರ್ ಕೆಟ್ಟಿಲ್ಲ. ಕಂಪ್ಯೂಟರಿಗೂ ಸ್ಪೀಕರಿಗೂ ಬೇರೆ ಬೇರೆ ದಾರಿಯ ಅರ್ಥಿಂಗ್ ಸಿಕ್ಕಿ ನಡುವೆ ವೈರಿನಲ್ಲಿ ಒಂದು ಸುತ್ತು ಆಗಿದೆ. ಮೊದಲ ಮದ್ದು, ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕುವುದು. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಸಾಮಾನು ಬರುತ್ತದೆ, ಕೇಬಲಿನ ನಡುವೆ ಸೇರಿಸಬೇಕು. ಆಪ್ಟಿಕಲ್ ಕೇಬಲ್ ಹಾಕಿದರೆ ಈ ತಂಟೆ ಬುಡಸಮೇತ ಹೋಗುತ್ತದೆ, ಅದರಲ್ಲಿ ಹರಿಯುವುದು ಬೆಳಕು ಮಾತ್ರ.

ಮೂರನೆಯ ಪಿನ್ನು ಮುರಿದರೆ ಗುಂಯ್ ನಿಲ್ಲುತ್ತದೆ ಎಂದು ಯಾರಾದರೂ ಉಪದೇಶ ಮಾಡಬಹುದು. ನಿಲ್ಲಲೂಬಹುದು. ಆದರೆ ಆ ಪಿನ್ನು ಇರುವುದು ನಿಮ್ಮ ಜೀವಕ್ಕೆ, ಅದನ್ನು ಮುಟ್ಟಬೇಡಿ. ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳಿಗೆ ಸಣ್ಣಗೆ ಜುಮ್ಮೆಂದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿರಬಹುದು. ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರೇ ಇಲ್ಲದಿರುವುದುಂಟು. ಆಗ ಕರೆಯಬೇಕಾದ್ದು ಎಲೆಕ್ಟ್ರಿಷಿಯನ್ನನ್ನು.

8. ದಿನನಿತ್ಯ

ಕಂಪ್ಯೂಟರ್ ಮೊದಲು, ಸ್ಪೀಕರ್ ಕೊನೆಗೆ ಆನ್. ಆಫ್ ಮಾಡುವಾಗ ಸ್ಪೀಕರ್ ಮೊದಲು. ಹೀಗಾದರೆ ಢಬ್ ಎನ್ನುವ ಏಟು ಕೋನಿಗೆ ಬೀಳುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿ ಸುಮ್ಮನಾಗಬೇಡಿ, ಪಿನ್ನನ್ನೇ ಎಳೆಯಿರಿ. ಡೆಸ್ಕ್‌ಟಾಪಿಗೆ ನೆಟ್ ಕೇಬಲ್ ಇದ್ದರೆ ಅದನ್ನೂ. ಸಿಡಿಲಿನ ಏಟು ಆ ದಾರಿಯಲ್ಲೂ ಬರುತ್ತದೆ.

ಜೋರು ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಫೋನಿನ ಸೌಂಡ್ ಮೀಟರ್ ಆ್ಯಪ್ ಕರಾರುವಾಕ್ಕಲ್ಲ, ಆದರೆ ನೀವು 70ರಲ್ಲಿದ್ದೀರೋ 85ರಲ್ಲಿದ್ದೀರೋ ಎಂಬಷ್ಟು ಹೇಳುತ್ತದೆ. ಪಕ್ಕದ ಮನೆಯವರ ಲೆಕ್ಕ ಬೇರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಡೆಸಿಬಲ್ ಎಂದು ನಿಗದಿ ಮಾಡಿವೆ.

ರಾತ್ರಿ ಮೆಲ್ಲಗೆ ಕೇಳುವಾಗ ಬೇಸ್ ಕಳೆದುಹೋದಂತೆ ಅನ್ನಿಸುವುದು ಸ್ಪೀಕರಿನ ದೋಷವಲ್ಲ. ಸದ್ದು ಕಡಿಮೆಯಾದಾಗ ನಮ್ಮ ಕಿವಿಯೇ ಕೆಳಗಿನ ಸ್ವರಗಳಿಗೆ ಮಂದವಾಗುತ್ತದೆ. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಆಗ ಬೇಸ್ ನಾಬನ್ನು ಸ್ವಲ್ಪ ತಿರುಗಿಸಿದರೆ ಪಾಪವೇನಿಲ್ಲ, ಬೆಳಗ್ಗೆ ವಾಪಸ್ ತಿರುಗಿಸಿದರಾಯಿತು. ಇನ್ನೂ ನಾಜೂಕಾಗಿ ತಿದ್ದಬೇಕೆನ್ನುವವರಿಗೆ ವಿಂಡೋಸಿನಲ್ಲಿ ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ ಇದೆ. ಅದರಲ್ಲಿ ಉಬ್ಬಿದ್ದನ್ನು ತಗ್ಗಿಸಿ. ಇಲ್ಲದ್ದನ್ನು ಎಬ್ಬಿಸಲು ಹೋಗಬೇಡಿ. 4 ಇಂಚಿನ ವೂಫರಿಗೆ 30 ಹರ್ಟ್ಜ್ ಹೇರಿದರೆ ಅದು ಸದ್ದು ಮಾಡುವ ಬದಲು ಏದುಸಿರು ಬಿಡುತ್ತದೆ.

ಧೂಳಿಗೆ ಮೆತ್ತನೆಯ ಪೇಂಟ್ ಬ್ರಶ್ಶು ಸಾಕು. ಒದ್ದೆ ಬಟ್ಟೆ ಕೋನಿಗೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಹತ್ತಿರವೂ ಬೇಡ. ಟ್ವೀಟರಿನ ಗುಂಡು ಭಾಗ ಕಂಡರೆ ಮಕ್ಕಳ ಬೆರಳು ತಾನಾಗಿ ಹೋಗಿ ಒತ್ತುತ್ತದೆ, ಚಿಕ್ಕ ಮಕ್ಕಳಿರುವ ಮನೆಗೆ ಜಾಲರಿ ಇರುವ ಮಾದರಿಯೇ ಸರಿ. ಹಿಂದಿನ ಗಾಳಿತೂತು ಜಿರಳೆಗೆ, ಇರುವೆಗೆ ಬೆಚ್ಚನೆಯ ಮನೆ. ತಿಂಗಳುಗಟ್ಟಲೆ ಊರಿಗೆ ಹೋಗುವಾಗ ತೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಹೋಗಿ, ಬಂದ ಮೇಲೆ ಬಿಚ್ಚಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಪೀಕರನ್ನು ತಿಂಗಳಾನುಗಟ್ಟಲೆ ಮುಚ್ಚಿಡಬೇಡಿ, ಕಾಗದದ ಕೋನಿಗೆ ಬೂಷ್ಟು ಹಿಡಿಯುತ್ತದೆ. ದಿನಾ ಒಂದಿಷ್ಟು ಹೊತ್ತು ನುಡಿಸಿದರೆ ಆ್ಯಂಪ್ಲಿಫೈಯರಿನ ಬಿಸಿಯೇ ತೇವ ಆರಿಸುತ್ತದೆ.

9. ಕೆಟ್ಟಾಗ, ಮತ್ತು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ನಾಬ್ ತಿರುಗಿಸಿದಾಗ ಕರಕರ ಎಂದರೆ ಒಳಗೆ ಧೂಳು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪಿನ್ ತೆಗೆದು, ಸಂದಿಗೆ ಒಂದೆರಡು ಹನಿ ಹೊಡೆದು, ನಾಬನ್ನು ಆ ತುದಿ ಈ ತುದಿ ಹತ್ತಾರು ಸಲ ತಿರುಗಿಸಿ ಒಣಗಲು ಬಿಡಿ. ಆನ್ ಮಾಡಿದ ಕೂಡಲೇ ಗುಂಯ್ ಜೋರಾಗುತ್ತ ಹೋದರೆ ಒಳಗಿನ ಕೆಪಾಸಿಟರ್ ಉಬ್ಬಿರುವ ಸಾಧ್ಯತೆ ಹೆಚ್ಚು. ಅದು ರಿಪೇರಿಯವರ ಕೆಲಸ, ದೊಡ್ಡ ಖರ್ಚಿನದಲ್ಲ.

ಕೋನಿನ ಸುತ್ತ ಅಂಚಿಗೆ ಇರುವ ಉಂಗುರ ಫೋಮಿನದೋ ರಬ್ಬರಿನದೋ ಎಂಬುದು ಹಳೆ ಸ್ಪೀಕರ್ ಕೊಳ್ಳುವವರು ಮೊದಲು ನೋಡಬೇಕಾದ್ದು. ಫೋಮು ನಮ್ಮ ಸೆಖೆ, ತೇವಕ್ಕೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಬೆರಳಲ್ಲಿ ಮುಟ್ಟಿದರೆ ಅಂಟಂಟಾಗಿ ಕಳಚುತ್ತದೆ. ರಬ್ಬರು ಹೆಚ್ಚು ಬಾಳುತ್ತದೆ. ಆಮೇಲೆ ಎರಡು ಬೆರಳನ್ನು ಕೋನಿನ ಎದುರುಬದುರು ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಒಳಗೆ ಕರ್ ಎಂದು ಉಜ್ಜಿದ ಸದ್ದು ಬಂದರೆ ಕೋನನ್ನು ಆಡಿಸುವ ತಂತಿಸುರುಳಿ, ಅಂದರೆ ಕಾಯಿಲ್, ಕೆಟ್ಟಿದೆ, ಬೆಲೆ ಇಳಿಸಿ ಕೇಳಿ ಅಥವಾ ಎದ್ದು ಬನ್ನಿ. ಎರಡೂ ಸ್ಪೀಕರಿನ ಸ್ಕ್ರೂಗಳನ್ನು ನೋಡಿ, ಒಂದರದು ಮಾತ್ರ ಸವೆದಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ.

ವೂಫರ್ ಹರಿದಿದೆ ಎಂದು ಇಡೀ ಜೋಡಿಯನ್ನು ಗುಜರಿಗೆ ಹಾಕಬೇಡಿ. ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆ ಕೊಡುವವರನ್ನು ಕೇಳಿ, ತಮ್ಮ ಸ್ಪೀಕರುಗಳ ಕೋನು, ಕಾಯಿಲ್ ಎಲ್ಲಿ ಮಾಡಿಸುತ್ತೇವೆ ಎಂದು ಅವರು ಹೇಳುತ್ತಾರೆ. ಜಿಲ್ಲಾ ಕೇಂದ್ರಗಳಲ್ಲಿ ರೀಕೋನಿಂಗ್ ಮಾಡುವವರು ಇನ್ನೂ ಇದ್ದಾರೆ. ಮಾಡಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೆ, ಒಂದೇ ಥರದ ಕೋನು ಹಾಕಿಸಿ ಮಾಡಿಸಿ. ಒಂದು ಕಡೆ ಹೊಸ ಕೋನು, ಇನ್ನೊಂದು ಕಡೆ ಹತ್ತು ವರ್ಷದ್ದು ಎಂದಾದರೆ ದನಿ ನಡುವೆ ನಿಲ್ಲುವುದಿಲ್ಲ.